ಲೊಕ್ಕಿಗುಂಡಿಯಲ್ಲಿ ಒಂದು ದಿನ

ಗದಗ ಪಟ್ಟಣದಿಂದ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೧೨ ಕಿಲೋಮೀಟರು ಸಾಗಿದರೆ ಲಕ್ಕುಂಡಿಯೆಂಬ ಗ್ರಾಮವು ದೊರೆಯುತ್ತದೆ. ಶಾಸನಗಳಲ್ಲಿ ಇದಕ್ಕೆ ಲೊಕ್ಕಿಗುಂಡಿಯೆಂದು ಹೆಸರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ದೊಡ್ಡ ಪಟ್ಟಣವಾಗಿದ್ದಿತು. ಹೊಯ್ಸಳರ ಇಮ್ಮಡಿ ಬಲ್ಲಾಳನು ಕೆಲವು ಕಾಲ ಇದನ್ನೇ ತನ್ನ ನೆಲೆವೀಡಾಗಿ ಮಾಡಿಕೊಂಡಿದ್ದನು. ಇಂದು ಜೋಳ, ಕಡಲೆ, ಹತ್ತಿಗಳನ್ನು ಬೆಳೆಯುವ ಎರೆಹೊಲಗಳ ನಡುವೆ ಇದು ಸಾಧಾರಣವಾದ ಒಂದು ಊರು. ಆದರೂ ಓಣಿ ಓಣಿಗೆ ಒಂದು ಹಳೆಯ ಗುಡಿ, ಗುಡಿಗೊಂದು ಬಾವಿ. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತನ್ನು ಊರ ಜನರು ಅಭಿಮಾನದಿಂದ ಹೇಳುತ್ತಾರೆ. ಎಣಿಸಿ ನೋಡಿದವರಾರೋ ತಿಳಿಯದು.

ಈ ಊರಿನ ಹೆಸರನ್ನು ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ತರಗತಿಯಲ್ಲಿ ಉಚ್ಚರಿಸಿದ್ದೇನೆ. ದಾನಚಿಂತಾಮಣಿ ಅತ್ತಿಮಬ್ಬೆಯ ಪಾಠ ಬಂದಾಗಲೆಲ್ಲ, “ಮಕ್ಕಳೇ, ಆಕೆ ಕಟ್ಟಿಸಿದ ಬಸದಿಯು ಲಕ್ಕುಂಡಿಯಲ್ಲಿರುತ್ತದೆ” ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆನು. ಕಣ್ಣಾರೆ ನೋಡಿರಲಿಲ್ಲ. ನಿವೃತ್ತನಾದ ಮೇಲಾದರೂ ನೋಡಬೇಕೆಂಬ ಆಸೆಯಿಂದ ಕಳೆದ ಮಾಘಮಾಸದಲ್ಲಿ ಹೊರಟೆನು. ನನ್ನ ಸಂಗಡ ಬಂದವಳು ನನ್ನ ಅಕ್ಕ. ಆಕೆಗೆ ಈಗ ಎಪ್ಪತ್ತೊಂದು ವರ್ಷ. ಆಕೆ ಯಾತ್ರೆಗೆಂದು ಊರು ಬಿಟ್ಟದ್ದು ಬಹಳ ಕಡಿಮೆ. “ನಾನೂ ಬರ್ತೀನಿ” ಎಂದು ತಾನಾಗಿಯೇ ಹೇಳಿದಾಗ ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು.

ಮೊದಲ ರಾತ್ರಿ ಗದಗಿನ ಸಮೀಪದ ಒಂದು ಹಳ್ಳಿಯಲ್ಲಿ ಬಂಧುಗಳ ಮನೆಯಲ್ಲಿ ತಂಗಿದೆವು. ಬೆಳಿಗ್ಗೆ ಸ್ನಾನವನ್ನು ತೀರಿಸಿಕೊಂಡು ಹನುಮಂತದೇವರ ದರ್ಶನಕ್ಕೆ ಹೋದಾಗ, ಗುಡಿಯ ಹಿಂಬದಿಯಲ್ಲಿ ಬೇವಿನ ಮರದ ಬುಡಕ್ಕೆ ಒರಗಿಸಿಟ್ಟ ಎರಡು ಕಲ್ಲುಗಳನ್ನು ಕಂಡೆವು. ಕನ್ನಡನಾಡಿನ ಹಳ್ಳಿಗಳಲ್ಲಿ ಸಂಚರಿಸಿದವರಿಗೆ ಇಂಥ ಕಲ್ಲುಗಳು ಹೊಸವಲ್ಲ. ಒಂದು ವೀರಗಲ್ಲು, ಇನ್ನೊಂದು ಮಾಸ್ತಿಕಲ್ಲು. ಅಕ್ಷರಗಳಿದ್ದವೋ ಇಲ್ಲವೋ, ಎಣ್ಣೆಯ ಜಿಡ್ಡಿನಲ್ಲಿ ಕಾಣುವಂತಿರಲಿಲ್ಲ.

ವೀರಗಲ್ಲಿನಲ್ಲಿ ಮೂರು ಅಂತಸ್ತುಗಳಿದ್ದವು. ಕೆಳಗಿನದರಲ್ಲಿ ಕಾಳಗ: ಬಿಲ್ಲು ಹಿಡಿದ ಒಬ್ಬನು ಎದುರಿಗೆ ಬಂದ ಮೂವರ ಮೇಲೆ ಬಾಣವನ್ನು ಬಿಡುತ್ತಿದ್ದಾನೆ, ಅವನ ಹಿಂದೆ ತುರುಗಳ ಹಿಂಡು. ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದ ಕಳ್ಳರೊಡನೆ ಹೋರಾಡಿ ಮಡಿದವನು ಅವನಾಗಿರಬೇಕು. ನಡುವಣ ಅಂತಸ್ತಿನಲ್ಲಿ ಅಪ್ಸರೆಯರು ಅವನನ್ನು ಕೈಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಎದುರಿಗೆ ಕೈಮುಗಿದು ಕುಳಿತಿದ್ದಾನೆ. ಮೂಗು ಬಾಯಿಗಳು ಸವೆದುಹೋಗಿದ್ದರೂ ಅವನಿಗೆ ಮುಖವಿದ್ದಿತು, ಮೀಸೆಯಿದ್ದಿತು, ಸೊಂಟದಲ್ಲಿ ಕಠಾರಿಯಿದ್ದಿತು. ಅವನು ಏನು ಮಾಡಿದನು, ಏತಕ್ಕಾಗಿ ಸತ್ತನು, ಸತ್ತು ಎಲ್ಲಿಗೆ ಹೋದನು ಎಂಬದೆಲ್ಲವನ್ನೂ ಓದು ಬಾರದವನು ಕೂಡ ಆ ಕಲ್ಲಿನಲ್ಲಿ ತಿಳಿಯಬಹುದಾಗಿದ್ದಿತು.

ಮಾಸ್ತಿಕಲ್ಲಿನಲ್ಲಿ ಇದೊಂದೂ ಇರಲಿಲ್ಲ. ಒಂದು ಕಂಬ, ಆ ಕಂಬದಿಂದ ಹೊರಟ ಒಂದು ಬಲತೋಳು. ತೋಳು ಮೊಣಕೈಯಲ್ಲಿ ಮಡಿಚಿ ಅಂಗೈಯು ಮೇಲಕ್ಕೆದ್ದಿದೆ. ಹೆಬ್ಬೆರಳಿನ ಸಂದಿಯಲ್ಲಿ ಒಂದು ನಿಂಬೆಯ ಹಣ್ಣು. ಮುಂಗೈಯ ತುಂಬ ಬಳೆಗಳು. ಅಷ್ಟೇ. ಮುಖವಿಲ್ಲ, ದೇಹವಿಲ್ಲ. ಗಂಡನ ಚಿತೆಯನ್ನೇರಿದ ಹೆಂಗಸಿನ ಕಲ್ಲು ಅದು. ಅವಳು ಬದುಕಿದ್ದಾಗ ಏನು ಮಾಡುತ್ತಿದ್ದಳು, ಎಷ್ಟು ಮಕ್ಕಳ ತಾಯಿ, ಹೊಲದಲ್ಲಿ ದುಡಿಯುತ್ತಿದ್ದಳೋ, ನೂಲುತ್ತಿದ್ದಳೋ, ಹಾಡುತ್ತಿದ್ದಳೋ ಎಂಬುದನ್ನು ತಿಳಿಸಬೇಕೆಂದು ಕಲ್ಲು ಕಡಿದವನಿಗೆ ತೋರಲಿಲ್ಲ. ತಿಳಿಸಬೇಕಾದದ್ದು ಒಂದೇ: ಈಕೆಯು ಮುತ್ತೈದೆಯಾಗಿ ಸತ್ತಳು.

ಅಕ್ಕನು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಳು. ಊರ ಹೆಂಗಸರು ಹಚ್ಚಿದ ಕುಂಕುಮವು ಬಳೆಗಳ ಸಂದಿಯಲ್ಲಿ ಒಣಗಿ ಕಪ್ಪಾಗಿದ್ದಿತು. ಕೊನೆಗೆ ಆಕೆ ಮೆಲ್ಲನೆ ಹೇಳಿದಳು:

“ಸತ್ತಾಕಿ ಕೈಯಾಗ ಬಳಿ ಹಂಗ ಉಳದಾವ ನೋಡು, ತಮ್ಮಾ.”

ನಾನು ಉತ್ತರ ಕೊಡಲಿಲ್ಲ. ಅಕ್ಕನ ಕೈ ಬರಿದು. ಆಕೆಯ ಇಪ್ಪತ್ತೆರಡನೆಯ ವರ್ಷದಲ್ಲಿ ಅದನ್ನು ಬರಿದು ಮಾಡಿದರು. ಆಗ ನನಗೆ ಹನ್ನೆರಡು ವರ್ಷ. ಅಂಗಳದ ಕಲ್ಲಿಗೆ ಹಸಿರು ಗಾಜು ಬಡಿದ ಸದ್ದು ನನಗೆ ಇಂದಿಗೂ ನೆನಪಿದೆ. ಚಿತೆಯನ್ನೇರಿದವಳ ಬಳೆಯನ್ನು ಕಲ್ಲಿನಲ್ಲಿ ಕೆತ್ತಿ ಸಾವಿರ ವರ್ಷ ಕಾಯ್ದ ಸಮಾಜವು, ಬದುಕಿ ಮಗುವನ್ನು ಸಲಹಿದವಳ ಬಳೆಯನ್ನು ಮಾತ್ರ ಒಡೆದುಹಾಕಿತು. ಈ ವಿಪರ್ಯಾಸವನ್ನು ಕಾಣಲು ಕಾವ್ಯಶಾಸ್ತ್ರಗಳನ್ನು ಓದಿದ ನನಗೆ ಅರುವತ್ತೊಂದು ವರ್ಷಗಳು ಸಾಲಲಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಓದಿದ ಅಕ್ಕನಿಗೆ ಒಂದು ಗಳಿಗೆ ಸಾಕಾಯಿತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ಕಾಲದ ಸಮಾಜವು ಗಂಡಸಿನಿಂದಲೂ ಪ್ರಾಣವನ್ನೇ ಕೇಳಿತು. ವೀರಗಲ್ಲು ಸುಮ್ಮನೆ ಸಿಕ್ಕುವಂಥದಲ್ಲ. ಆದರೆ ಅವನು ಸತ್ತದ್ದು ಊರಿನ ತುರುಗಳಿಗಾಗಿ, ಊರಿನ ಗಡಿಗಾಗಿ, ಹೆಂಗಸರ ಮಾನರಕ್ಷಣೆಗಾಗಿ. ಅವನ ಮನೆಯವರಿಗೆ ನೆತ್ತರುಗೊಡಗಿಯೆಂದು ಭೂಮಿಯನ್ನು ಕೊಟ್ಟ ಉದಾಹರಣೆಗಳು ಶಾಸನಗಳಲ್ಲಿ ಹಲವಿವೆ. ಗೆದ್ದು ಬದುಕಿ ಮರಳಿದ್ದರೂ ಅವನಿಗೆ ಮರ್ಯಾದೆಯುಂಟು. ಹೆಂಗಸಿಗೆ ಹಾಗಲ್ಲ. ಗಂಡನಿಲ್ಲದೆ ಬದುಕಿ ಉಳಿಯುವದರಲ್ಲಿ ಒಂದು ಶೌರ್ಯವಿದೆಯೆಂದು ಎಣಿಸಿ ಅವಳಿಗೆ ಕಲ್ಲು ನೆಡುವ ಪದ್ಧತಿಯು ನಮ್ಮಲ್ಲಿ ಹುಟ್ಟಲೇ ಇಲ್ಲ.

ಪದ್ಧತಿಯಲ್ಲಿ ಇಲ್ಲದ್ದು ಭಾಷೆಯಲ್ಲಿ ಎಲ್ಲಿಂದ ಬರಬೇಕು? ಜೀವಮಾನವೆಲ್ಲ ಸಂಸ್ಕೃತವನ್ನು ಕಲಿತು ಕಲಿಸಿದವನು ನಾನು. ಆ ಭಾಷೆಯ ಮೇಲೆ ನನಗೆ ತಾಯಿಯ ಮೇಲಿರುವಷ್ಟು ಪ್ರೀತಿ. ಆದರೂ ಕೆಲವು ಶಬ್ದಗಳನ್ನು ಅಂದು ಆ ಬೇವಿನ ನೆರಳಿನಲ್ಲಿ ಮತ್ತೆ ಬಿಡಿಸಿ ನೋಡಿದೆನು. ‘ವೀರ’ ಎಂದರೆ ಪರಾಕ್ರಮವುಳ್ಳವನು. ಇದರ ಸ್ತ್ರೀಲಿಂಗದ ನಿಷೇಧರೂಪವಾದ ‘ಅವೀರಾ’ ಎಂಬ ಶಬ್ದವನ್ನು ಅಮರಸಿಂಹನು ಕೋಶದಲ್ಲಿ ಕೊಟ್ಟಿದ್ದಾನೆ. ಪರಾಕ್ರಮವಿಲ್ಲದ ಹೆಂಗಸು ಎಂದು ಅದರ ಅರ್ಥವಲ್ಲ. ಗಂಡನೂ ಮಗನೂ ಇಲ್ಲದ ಹೆಂಗಸು ಎಂದು ಅರ್ಥ. ಪುರುಷನ ವೀರತನವು ಅವನ ತೋಳಿನಲ್ಲಿರುತ್ತದೆ. ಸ್ತ್ರೀಯ ವೀರತನವು ಮನೆಯಲ್ಲಿ ಒಬ್ಬ ಗಂಡಸು ಇರುವದರಲ್ಲಿರುತ್ತದೆ! ಇನ್ನು ‘ವಿಧವಾ’ ಎಂದರೆ ಧವನಿಲ್ಲದವಳು, ಅಂದರೆ ಗಂಡನಿಲ್ಲದವಳು. ಹೆಂಡತಿ ಸತ್ತವನಿಗೆ ನಾವು ‘ವಿಧುರ’ ಎನ್ನುತ್ತೇವೆ. ಆದರೆ ಆ ಶಬ್ದದ ಮೂಲಾರ್ಥವು ದುಃಖದಲ್ಲಿರುವವನು ಎಂದಷ್ಟೆ. ದುಃಖವು ಆರು ತಿಂಗಳಲ್ಲಿ ಆರಬಹುದು, ವರುಷದೊಳಗೆ ಮತ್ತೆ ಬಾಸಿಂಗವನ್ನು ಕಟ್ಟಿಕೊಳ್ಳಬಹುದು. ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಅಕ್ಕನ ಬಳೆ ಒಡೆದ ವರ್ಷವೇ ಹೆಂಡತಿಯನ್ನು ಕಳೆದುಕೊಂಡ ನಮ್ಮ ಸೋದರಮಾವನವರಿಗೆ ಮುಂದಿನ ವೈಶಾಖದಲ್ಲಿ ಎರಡನೆಯ ಮದುವೆಯಾಯಿತು. ಅದೇ ಹಿರಿಯರು, ಅದೇ ಪಡಸಾಲೆ.

ಎಲ್ಲಕ್ಕಿಂತ ‘ಸತೀ’ ಎಂಬ ಶಬ್ದವು ವಿಚಾರಿಸತಕ್ಕದ್ದು. ‘ಅಸ್’ ಎಂಬ ಧಾತುವಿಗೆ ಶತೃಪ್ರತ್ಯಯವು ಸೇರಿ ‘ಸತ್’ ಎಂದಾಗುವದು. ಅದರ ಸ್ತ್ರೀಲಿಂಗವೇ ‘ಸತೀ’. ಮೂಲದಲ್ಲಿ ಅದರ ಅರ್ಥವು ‘ಇರುವವಳು’ ಎಂದು. ಇರುವದೇ ಒಳ್ಳೆಯದು ಎಂಬ ಭಾವದಿಂದ ಒಳ್ಳೆಯವಳು ಎಂಬ ಅರ್ಥ ಬಂದಿತು. ಇಂಥ ಶಬ್ದವು ಕೊನೆಗೆ ಇಲ್ಲವಾಗಿ ಹೋದವಳಿಗೆ ಸಲ್ಲುವ ಬಿರುದಾಯಿತು, ಮಹಾಸತಿಯು ಮಾಸ್ತಿಯಾದಳು. ಇದ್ದವಳಿಗೆ ಬೇರೆ ಹೆಸರುಗಳನ್ನು ಹುಡುಕಿದೆವು. ಅವುಗಳಲ್ಲಿ ಒಂದೆರಡನ್ನು ಈ ಪತ್ರಿಕೆಯಲ್ಲಿ ಬರೆಯಲಾಗದು.

ಹತ್ತು ಗಂಟೆಯ ಮೋಟಾರಿನಲ್ಲಿ ಲಕ್ಕುಂಡಿಯನ್ನು ಸೇರಿದೆವು. ಊರೊಳಗಿನ ಓಣಿಗಳನ್ನು ದಾಟಿ ಬಸದಿಯ ಬಳಿಗೆ ಬಂದೆವು. ಇದನ್ನು ಬ್ರಹ್ಮ ಜಿನಾಲಯವೆಂದು ಕರೆಯುತ್ತಾರೆ. ಪೂರ್ವಾಭಿಮುಖವಾದ ಕಟ್ಟಡ, ಬಳಪದ ಜಾತಿಯ ನಯವಾದ ಕಲ್ಲು, ಮೇಲೆ ಕಿರಿದಾಗುತ್ತ ಹೋಗುವ ಶಿಖರ. ಇದೇ ಊರಿನ ಕಾಶೀವಿಶ್ವೇಶ್ವರ ದೇವಾಲಯದ ಬಾಗಿಲುವಾಡಗಳಲ್ಲಿ ಕಾಣುವ ಹೂವಿನಂಥ ಸೂಕ್ಷ್ಮ ಕೆತ್ತನೆಯು ಇಲ್ಲಿಲ್ಲ. ಇದು ಅದಕ್ಕಿಂತ ಹಿಂದಿನದು, ಗಂಭೀರವಾದದ್ದು. ಒಳಗೆ ಹೋದರೆ ಹೊರಗಿನ ಬಿಸಿಲು ಒಮ್ಮೆಲೇ ತಣ್ಣಗಾಗುತ್ತದೆ. ಗರ್ಭಗೃಹದಲ್ಲಿ ಜಿನಮೂರ್ತಿ, ನವರಂಗದಲ್ಲಿ ನಾಲ್ಕು ಮುಖಗಳುಳ್ಳ ಬ್ರಹ್ಮನ ವಿಗ್ರಹ, ಇನ್ನೊಂದು ಕಡೆಗೆ ದೇವಿಯ ವಿಗ್ರಹ. ಬಸದಿಯ ಪಕ್ಕದಲ್ಲಿಯೇ ಪುರಾತತ್ವ ಇಲಾಖೆಯವರ ಶಿಲ್ಪಸಂಗ್ರಹಾಲಯವಿದ್ದು, ಊರ ಸುತ್ತಮುತ್ತ ದೊರೆತ ವಿಗ್ರಹಗಳನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ.

ನವರಂಗದ ಕಂಬಕ್ಕೆ ಒರಗಿ ಕುಳಿತು ಅಕ್ಕನಿಗೆ ಅತ್ತಿಮಬ್ಬೆಯ ಕಥೆಯನ್ನು ಹೇಳಿದೆನು. ವಾಚಕರಲ್ಲಿ ಅನೇಕರಿಗೆ ಇದು ತಿಳಿದದ್ದೇ. ಆದರೂ ಸಂಕ್ಷೇಪವಾಗಿ ಬರೆಯುತ್ತೇನೆ.

ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಲ್ಲಪನೆಂಬ ದಂಡನಾಯಕನಿದ್ದನು. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ ಸಹೋದರರಲ್ಲಿ ಅವನು ಒಬ್ಬನು. ಅವನಿಗೆ ಅತ್ತಿಮಬ್ಬೆ, ಗುಂಡಮಬ್ಬೆಯರೆಂಬ ಹೆಣ್ಣುಮಕ್ಕಳು. ಚಾಲುಕ್ಯ ಚಕ್ರವರ್ತಿಯಾದ ತೈಲಪನ ಆಸ್ಥಾನದಲ್ಲಿ ಪ್ರಭಾವಶಾಲಿಯಾಗಿದ್ದ ದಲ್ಲಪನ ಮಗ ನಾಗದೇವನಿಗೆ ಇಬ್ಬರನ್ನೂ ಕೊಟ್ಟು ಮದುವೆ ಮಾಡಿದರು. ನಾಗದೇವನು ಅಕಾಲದಲ್ಲಿ ತೀರಿಕೊಂಡನು. ಆಗ ತಂಗಿಯಾದ ಗುಂಡಮಬ್ಬೆಯು ಗಂಡನ ಸಂಗಡ ಚಿತೆಯನ್ನೇರಿದಳು. ಅಕ್ಕನಾದ ಅತ್ತಿಮಬ್ಬೆಯು ಎಳೆಯ ಮಗ ಅಣ್ಣಿಗದೇವನನ್ನು ಎತ್ತಿಕೊಂಡು ಬದುಕಿ ಉಳಿದಳು.

ಒಂದೇ ಮನೆ, ಒಂದೇ ತಾಯಿತಂದೆ, ಒಬ್ಬನೇ ಗಂಡ, ಒಂದೇ ದಿನದ ದುಃಖ. ಎರಡು ದಾರಿ. ಯಾವ ದಾರಿಯು ಹೆಚ್ಚು ಕಠಿಣವೆಂದು ತೂಗಿ ನೋಡುವ ಅಧಿಕಾರವು ನಮಗಿಲ್ಲ. ಆದರೆ ಉಳಿದವಳು ಮಾಡಿದ್ದೇನೆಂಬದು ಲೋಕಕ್ಕೆಲ್ಲ ತಿಳಿದಿದೆ. ಪೊನ್ನನ ಶಾಂತಿಪುರಾಣವು ಅಳಿದುಹೋಗಬಾರದೆಂದು ಓಲೆಗರಿಯ ಮೇಲೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಗರಿಯನ್ನೂ ಹದಮಾಡಿ, ಕಂಠದಿಂದ ಕೊರೆದು, ಮಸಿ ತೀಡಿ ಕಟ್ಟಬೇಕು. ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರಿಗೆ ಎಷ್ಟು ದಿನದ ಅನ್ನವಾಗಿರಬೇಕೆಂಬದನ್ನು ವಾಚಕರೇ ಊಹಿಸಬೇಕು. ಸಾವಿರದ ಐನೂರು ಚಿನ್ನದ ಜಿನಬಿಂಬಗಳನ್ನು ಮಾಡಿಸಿ ದಾನಮಾಡಿದಳೆಂಬ ಖ್ಯಾತಿಯೂ ಆಕೆಗಿದೆ. ರನ್ನನು ೯೯೩ರಲ್ಲಿ ಮುಗಿಸಿದ ಅಜಿತಪುರಾಣಕ್ಕೆ ಆಶ್ರಯದಾತೆ ಈಕೆಯೇ. ಇರಿವಬೆಡಂಗ ಸತ್ಯಾಶ್ರಯನು ಆಳುತ್ತಿದ್ದಾಗ ಈ ಬಸದಿಯನ್ನು ಕಟ್ಟಿಸಿದಳೆಂಬದನ್ನು ೧೦೦೭ನೆಯ ಇಸವಿಯ ಶಾಸನವು ಹೇಳುತ್ತದೆ. ನಾಡು ಆಕೆಯನ್ನು ದಾನಚಿಂತಾಮಣಿಯೆಂದು ಕರೆಯಿತು. ಆಕೆಯ ಹೆಸರಿನಲ್ಲಿ ಕರ್ನಾಟಕ ಸರ್ಕಾರವು ಇಂದು ಬರೆಯುವ ಸ್ತ್ರೀಯರಿಗೆ ಪ್ರಶಸ್ತಿಯನ್ನು ಕೊಡುತ್ತದೆ.

ಕಥೆಯನ್ನು ಕೇಳಿ ಅಕ್ಕ ಸುಮ್ಮನಿದ್ದಳು. ಆಮೇಲೆ, “ಆಕಿ ಕಡೆ ರೊಕ್ಕ ಇತ್ತು” ಎಂದಳು.

ಎಷ್ಟು ನಿಜ! ಅತ್ತಿಮಬ್ಬೆಯು ಮಹಾತ್ಮಳೆಂಬದರಲ್ಲಿ ಸಂದೇಹವಿಲ್ಲ. ಆದರೆ ಬದುಕಿ ಉಳಿದ ವಿಧವೆಯ ಹೆಸರನ್ನು ಕಲ್ಲಿನಲ್ಲಿ ಬರೆಯಬೇಕಾದರೆ ಸಾವಿರ ಗ್ರಂಥ, ಸಾವಿರದ ಐನೂರು ಬಿಂಬ, ಒಂದು ಬಸದಿ ಬೇಕಾಯಿತು. ತುರುಗಳನ್ನು ಕಾಯ್ದ ಬಡವನ ಕಲ್ಲಿಗೆ ಅವನ ಧೈರ್ಯವೊಂದೇ ಸಾಕಾಗಿದ್ದಿತು. ಮತ್ತೊಂದನ್ನು ಗಮನಿಸಬೇಕು. ರನ್ನನು ಗದಾಯುದ್ಧದಲ್ಲಿ ಸತ್ಯಾಶ್ರಯನನ್ನು ಭೀಮನೊಡನೆ ಒಂದುಮಾಡಿ ಅವನ ಭುಜಬಲವನ್ನು ಹೊಗಳಿದನು. ಅಜಿತಪುರಾಣದಲ್ಲಿ ಅತ್ತಿಮಬ್ಬೆಯನ್ನು ಹೊಗಳುವಾಗ ದಾನದ ಜತೆಗೆ ಶೀಲವನ್ನೂ ಪಾವಿತ್ರ್ಯವನ್ನೂ ಮುಂದಿಟ್ಟನು. ಇದು ಕವಿಯ ದೋಷವಲ್ಲ. ಅರಸನ ಶೀಲವನ್ನು ಕುರಿತು ಆ ಕಾಲದವರು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ವಿಧವೆಯ ಶೀಲವನ್ನು ಕುರಿತಾದರೋ ಕೇಳದೆ ಬಿಡುತ್ತಿರಲಿಲ್ಲ. ಕೇಳುವವರಿದ್ದಲ್ಲಿ ಕವಿಯು ಉತ್ತರವನ್ನು ಮೊದಲೇ ಹೇಳಬೇಕಾಗುತ್ತದೆ.

ರನ್ನನ ಉದಾರತೆಗೆ ಬೇರೆ ಸಾಕ್ಷಿಯುಂಟು. ಅವನು ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಊರೂರ ಹೆಂಗಸರ ಕೈಗೆ ಬಳೆಯನ್ನು ತೊಡಿಸುವ ಕುಲ ಅದು. ಬಳೆಗಾರನು ಹೊಸ್ತಿಲಿನಲ್ಲಿ ಕುಳಿತಾಗ ಹೊರಗೆ ಬರಬಾರದವಳು ವಿಧವೆಯೊಬ್ಬಳೇ. ಅಂಥ ಕುಲದ ಕವಿಯು ತನ್ನ ಮಗನಿಗೆ ಆಶ್ರಯದಾತನಾದ ಚಾವುಂಡರಾಯನ ನೆನಪಿಗಾಗಿ ರಾಯನೆಂದು ಹೆಸರಿಟ್ಟನು. ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟನು. ಎಳೆಯ ಮಗಳಿಗೆ ಒಬ್ಬ ವಿಧವೆಯ ಹೆಸರನ್ನು ಇಡಲು ನಮ್ಮ ಮನೆಗಳಲ್ಲಿ ಇಂದಿಗೂ ಎಷ್ಟು ಮಂದಿ ಒಪ್ಪಿಯಾರು? ಸಾವಿರ ವರ್ಷಗಳ ಹಿಂದೆ ಆ ಬಳೆಗಾರರ ಮಗನು ಒಪ್ಪಿದನು. ಈ ಸಂಗತಿಯನ್ನು ಹೇಳಿದಾಗ ಮಾತ್ರ ಅಕ್ಕನ ಮುಖವು ಅರಳಿತು.

ಮಧ್ಯಾಹ್ನ ಮಾಣಿಕೇಶ್ವರ ದೇವಾಲಯದ ಎದುರಿನ ಮುಸುಕಿನ ಬಾವಿಯ ಮೆಟ್ಟಿಲುಗಳ ಮೇಲೆ ಬುತ್ತಿಯನ್ನು ಬಿಚ್ಚಿದೆವು. ಮೂರು ದಿಕ್ಕುಗಳಿಂದ ಇಳಿಯುವ ಮೆಟ್ಟಿಲುಗಳು, ಗೋಡೆಯಲ್ಲಿ ಸಾಲಾಗಿ ಪುಟ್ಟ ಗುಡಿಗಳಂಥ ಗೂಡುಗಳು, ತಳದಲ್ಲಿ ಹಸಿರು ನೀರು. ಸಜ್ಜೆಯ ರೊಟ್ಟಿ, ಶೇಂಗಾಚಟ್ನಿ, ಮೊಸರು. ರೊಟ್ಟಿಯನ್ನು ಮುರಿಯುತ್ತಿರುವಾಗ ನನಗೆ ಬಂಡಳಿಕೆಯ ಒಂದು ಶಾಸನವು ನೆನಪಾಯಿತು.

ಬಂಡಳಿಕೆಯು ಶಿಕಾರಿಪುರ ತಾಲೂಕಿನಲ್ಲಿದೆ. ಅಲ್ಲಿಯ ಶಾಸನವೊಂದು ಹತ್ತನೆಯ ಶತಮಾನದ ಆರಂಭದ್ದು, ರಾಷ್ಟ್ರಕೂಟರ ಕಾಲದ್ದು. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನು ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಅರಸನು ಆ ಅಧಿಕಾರವನ್ನು ಕೊಟ್ಟನು. ಆಕೆಯು ಎಪ್ಪತ್ತು ಊರುಗಳನ್ನು ಸಮರ್ಥವಾಗಿ ಆಳಿದಳು. ಶಾಸನಕಾರನು ಆಕೆಯನ್ನು ಮನಸಾರೆ ಹೊಗಳಿದ್ದಾನೆ. ಆದರೆ ಹೊಗಳುವಾಗ, ಹೆಣ್ಣಾಗಿದ್ದರೂ ತನ್ನ ಶೌರ್ಯದಿಂದ ನಾಡನ್ನು ಕಾಯ್ದಳು ಎಂಬ ಅಭಿಪ್ರಾಯವನ್ನು ಸೇರಿಸಿದ್ದಾನೆ. ಗಂಡಾಗಿದ್ದರೂ ಚೆನ್ನಾಗಿ ಆಳಿದನು ಎಂದು ಯಾವ ಶಾಸನದಲ್ಲಿಯಾದರೂ ಬರೆದಾರೆಯೆ?

ಶಾಸನಕಾರನನ್ನು ನೋಡಿ ನಗುವಂತಿರಲಿಲ್ಲ. ಏಕೆಂದರೆ ಅದೇ ಮಾತನ್ನು ನಾನೇ ಬರೆದಿದ್ದೇನೆ. ವಿದ್ಯಾರ್ಥಿಗಳ ಪ್ರಗತಿಪತ್ರಗಳಲ್ಲಿ ಶಿಕ್ಷಕರ ಅಭಿಪ್ರಾಯಕ್ಕೆಂದು ಒಂದು ಕಿರಿಯ ಜಾಗವಿರುತ್ತದೆ. ಹುಡುಗರಿಗೆ ನಾನು ‘ಕುಶಾಗ್ರಮತಿ’, ‘ಪರಿಶ್ರಮಿ’, ‘ಉದ್ಧಟನಾದರೂ ಬುದ್ಧಿವಂತ’ ಎಂದು ಬರೆಯುತ್ತಿದ್ದೆನು. ಹುಡುಗಿಯರಿಗೆ ‘ವಿನಯಶೀಲೆ’, ‘ಸೌಮ್ಯಸ್ವಭಾವದವಳು’, ‘ಅಚ್ಚುಕಟ್ಟು’. ಒಂದು ವರ್ಷ ಒಬ್ಬ ಹುಡುಗಿಯು ಗಣಿತದಲ್ಲಿ ಇಡೀ ತರಗತಿಗೆ ಮೊದಲಿಗಳಾದಳು. ಆಕೆಯ ಪತ್ರದಲ್ಲಿ ‘ಹುಡುಗಿಯಾದರೂ ಗಣಿತದಲ್ಲಿ ಉತ್ತಮ ಪ್ರಗತಿ’ ಎಂದು ಕೆಂಪು ಶಾಯಿಯಲ್ಲಿ ಬರೆದೆನು. ಹೊಗಳುತ್ತಿದ್ದೇನೆಂದೇ ನಂಬಿ ಬರೆದೆನು. ಆಕೆ ಪತ್ರವನ್ನು ಓದಿ ನನ್ನ ಮುಖವನ್ನು ಒಮ್ಮೆ ನೋಡಿ ಹೋದಳು. ಆ ನೋಟದ ಅರ್ಥವು ನನಗೆ ಲಕ್ಕುಂಡಿಯ ಬಾವಿಯ ಮೆಟ್ಟಿಲಿನ ಮೇಲೆ ಹೊಳೆಯಿತು. ಎಷ್ಟು ನೂರು ಪತ್ರಗಳಲ್ಲಿ ಇಂಥವನ್ನು ಬರೆದೆನೋ ಲೆಕ್ಕವಿಲ್ಲ. ಕಲ್ಲು ಕಡಿಯುವವನು ಒಂದು ಮಾಸ್ತಿಕಲ್ಲನ್ನು ಕಡಿಯಲು ತಿಂಗಳು ಹಿಡಿದಿರಬೇಕು. ನನಗೆ ಒಂದೊಂದಕ್ಕೆ ಅರ್ಧ ನಿಮಿಷ ಸಾಕಾಗುತ್ತಿದ್ದಿತು.

ಇದಕ್ಕೂ ಹೆಚ್ಚಿನ ತಪ್ಪೊಂದನ್ನು ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ. ಅಕ್ಕನು ವಿಧವೆಯಾಗಿ ಒಂದು ವರ್ಷದ ಮಗುವಿನೊಡನೆ ತವರಿಗೆ ಬಂದಾಗ ನಮ್ಮ ತಂದೆಯವರ ದೃಷ್ಟಿ ಮಂದವಾಗಿ ಸಂಪಾದನೆಯು ನಿಂತಿದ್ದಿತು. ಆಕೆಯು ಬೆಳಗಿನ ನಾಲ್ಕು ಗಂಟೆಗೆ ಎದ್ದು ಜೋಳದ ರೊಟ್ಟಿಯನ್ನು ಬಡಿದು ಖಾನಾವಳಿಗಳಿಗೆ ಕೊಡಲಾರಂಭಿಸಿದಳು. ಮೊದಲು ಐವತ್ತು, ಆಮೇಲೆ ನೂರು, ಹಬ್ಬದ ದಿನಗಳಲ್ಲಿ ಇನ್ನೂರು. ಮೂವತ್ತೊಂದು ವರ್ಷ ಆ ಒಲೆಯು ಆರಲಿಲ್ಲ. ಅದರಿಂದ ಆಕೆಯ ಮಗನು ಓದಿದನು. ಅವನಿಗಿಂತ ಮೊದಲು ನಾನು ಓದಿದೆನು. ನಾನು ಕೌಮುದಿಯನ್ನು ಕಲಿತದ್ದು ರೊಟ್ಟಿಯ ದುಡ್ಡಿನಿಂದ. ಧಾರವಾಡದ ನನ್ನ ಬಾಡಿಗೆಯ ಕೋಣೆಗೆ ತಿಂಗಳು ತಿಂಗಳು ಬರುತ್ತಿದ್ದ ಮನಿಯಾರ್ಡರಿನ ಮೇಲೆ ತಂದೆಯವರ ಹೆಸರಿರುತ್ತಿದ್ದಿತು.

ನನ್ನ ನಿವೃತ್ತಿಯ ದಿನ ಸತ್ಕಾರ ಸಮಾರಂಭವಾಯಿತು. ಶಾಲು, ಹಾರ, ಫಲತಾಂಬೂಲ. ಮಾತನಾಡಿದವರೆಲ್ಲರೂ, ಇವರು ಬಡತನದಲ್ಲಿ ಹುಟ್ಟಿ ಕೇವಲ ಸ್ವಪ್ರಯತ್ನದಿಂದ ಮೇಲೆ ಬಂದವರು ಎಂದರು. ಕೊನೆಯ ಸಾಲಿನ ಕುರ್ಚಿಯಲ್ಲಿ ಅಕ್ಕ ಕುಳಿತಿದ್ದಳು. ನಾನು ಉತ್ತರಭಾಷಣದಲ್ಲಿ ಗುರುಗಳನ್ನು ಸ್ಮರಿಸಿದೆನು, ಭರ್ತೃಹರಿಯನ್ನು ಸ್ಮರಿಸಿದೆನು. ಆಕೆಯನ್ನು ಸ್ಮರಿಸಲಿಲ್ಲ. ಮರೆತೆನೆಂದರೆ ಸುಳ್ಳು, ಅದು ಸಭೆಯಲ್ಲಿ ಹೇಳುವ ಮಾತೆಂದು ನನಗೆ ತೋರಲಿಲ್ಲ, ಅಷ್ಟೆ. ಗಂಡಸಿನ ದುಡಿಮೆಯು ಪುರುಷಾರ್ಥ, ಹೆಂಗಸಿನ ದುಡಿಮೆಯು ಮನೆಗೆಲಸ: ಈ ತಕ್ಕಡಿಯು ಸಮಾಜವೆಂಬ ಯಾವುದೋ ದೂರದ ಅಂಗಡಿಯಲ್ಲಿ ತೂಗುತ್ತಿರುತ್ತದೆಂದು ನಾವು ತಿಳಿದುಕೊಂಡಿರುತ್ತೇವೆ. ಅದು ನನ್ನ ಕೈಯಲ್ಲಿಯೇ ಇದ್ದಿತು.

ಕಾನೂನುಗಳು ತಮ್ಮ ಕೆಲಸವನ್ನು ಮಾಡಿವೆ. ೧೮೨೯ರಲ್ಲಿ ಬಂಗಾಲದಲ್ಲಿ ಸಹಗಮನವನ್ನು ನಿಷೇಧಿಸಿದರು. ೧೮೫೬ರಲ್ಲಿ ವಿಧವಾವಿವಾಹಕ್ಕೆ ಶಾಸನದ ಮಾನ್ಯತೆ ಬಂದಿತು. ೧೯೮೭ರ ಕಾಯಿದೆಯು ಸಹಗಮನವನ್ನಷ್ಟೇ ಅಲ್ಲ, ಅದರ ವೈಭವೀಕರಣವನ್ನೂ ಅಪರಾಧವೆಂದಿತು. ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲಿದೆಯೆಂದು ೧೯೯೪ರಲ್ಲಿ ನಮ್ಮ ರಾಜ್ಯವೂ ೨೦೦೫ರಲ್ಲಿ ಇಡಿಯ ದೇಶವೂ ಒಪ್ಪಿದವು. ಆದರೆ ಬಳೆಯನ್ನು ಒಡೆಯುವ ಕೈಯನ್ನು ಹಿಡಿಯುವವರು ಊರಿನವರೇ ಆಗಬೇಕು. ೨೦೨೨ನೆಯ ಇಸವಿಯ ಮೇ ತಿಂಗಳಲ್ಲಿ ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ಹೇರವಾಡವೆಂಬ ಗ್ರಾಮದ ಪಂಚಾಯತಿಯು, ತಮ್ಮ ಊರಿನಲ್ಲಿ ಗಂಡ ಸತ್ತವಳ ಬಳೆಯನ್ನು ಒಡೆಯಕೂಡದು, ಕುಂಕುಮವನ್ನು ಅಳಿಸಕೂಡದು ಎಂದು ಠರಾವು ಮಾಡಿತು. ಒಂದು ಹಳ್ಳಿಯು ಮಾಡಿದ್ದನ್ನು ಇನ್ನೊಂದು ಹಳ್ಳಿಯು ಮಾಡಬಹುದು. ಒಂದು ಮನೆಯು ಅದಕ್ಕಿಂತ ಬೇಗ ಮಾಡಬಹುದು.

ಸಂಜೆಯ ಮೋಟಾರಿನಲ್ಲಿ ಗದಗಿಗೆ ಮರಳಿ, ರಾತ್ರಿ ಊರನ್ನು ಸೇರಿದೆವು. ಮರುದಿನ ನಾನು ನಮ್ಮ ವಂಶಾವಳಿಯ ಹೊತ್ತಿಗೆಯನ್ನು ಹೊರಗೆ ತೆಗೆದೆನು. ನಿವೃತ್ತನಾದ ಮೇಲೆ ಎರಡು ವರ್ಷ ಶ್ರಮಪಟ್ಟು ಏಳು ತಲೆಮಾರುಗಳ ಹೆಸರುಗಳನ್ನು ಸಂಗ್ರಹಿಸಿ, ದುಂಡಾದ ಅಕ್ಷರಗಳಲ್ಲಿ ನಾನೇ ಬರೆದದ್ದು. ಅದರಲ್ಲಿ ಇಂಥವರ ಮಗ ಇಂಥವರು, ಇವರು ವೈದಿಕರು, ಇವರು ಕುಲಕರ್ಣಿಕೆಯನ್ನು ಮಾಡಿದರು, ಇವರು ಕಾಶೀಯಾತ್ರೆಯನ್ನು ಮಾಡಿದರು ಎಂದಿದ್ದಿತು. ಹೆಂಗಸರ ಹೆಸರು ಒಂದೂ ಇರಲಿಲ್ಲ. ಅಕ್ಕನನ್ನು ಕರೆದು ಕೇಳಿದೆನು. ನಮ್ಮ ಅಜ್ಜಿಯ ಹೆಸರು ನನಗೂ ಗೊತ್ತಿದ್ದಿತು. ಮುತ್ತಜ್ಜಿಯ ಹೆಸರನ್ನು ಆಕೆ ಹೇಳಿದಳು. ಅವರ ಅತ್ತೆಯ ಹೆಸರನ್ನೂ ಹೇಳಿದಳು. ಆ ಅತ್ತೆಯು ಸೂಲಗಿತ್ತಿಯ ಕೆಲಸವನ್ನು ಬಲ್ಲವರಾಗಿದ್ದು ಸುತ್ತಣ ಮೂರು ಹಳ್ಳಿಗಳಿಂದ ಗಾಡಿ ಕಳಿಸಿ ಕರೆಯಿಸಿಕೊಳ್ಳುತ್ತಿದ್ದರಂತೆ! ಇದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಅವರಿಗಿಂತ ಮೇಲಿನ ಹೆಸರುಗಳು ಆಕೆಗೂ ತಿಳಿಯದು. ಅಲ್ಲಲ್ಲಿ ಒಂದೊಂದು ಗೆರೆಯ ಜಾಗವನ್ನು ಬಿಟ್ಟು ಬರೆದಿದ್ದೇನೆ. ಆ ಜಾಗವು ಬರಿದಾಗಿಯೇ ಇರಲಿ. ಅಲ್ಲಿ ಒಬ್ಬಳಿದ್ದಳೆಂಬದಾದರೂ ಮಕ್ಕಳಿಗೆ ತಿಳಿಯುವದು.

ಅಕ್ಕನ ಹೆಸರಿನ ಮುಂದೆ, ‘ಈಕೆಯು ತನ್ನ ಅವಿರತ ಪರಿಶ್ರಮದಿಂದ ಕುಟುಂಬವನ್ನು ಪೋಷಿಸಿ, ಪುತ್ರನಿಗೂ ಅನುಜನಿಗೂ ವಿದ್ಯಾದಾನವನ್ನು ಮಾಡಿಸಿದಳು’ ಎಂದು ಬರೆದು ಓದಿ ತೋರಿಸಿದೆನು. ಆಕೆ ಕನ್ನಡಕವನ್ನು ಏರಿಸಿಕೊಂಡು ಪುಟವನ್ನು ನೋಡಿದಳು.

“ಪರಿಶ್ರಮ ಅಂದ್ರ ಯಾರಿಗೆ ತಿಳೀತದ, ತಮ್ಮಾ? ರೊಟ್ಟಿ ಅಂತ ಬರಿ” ಎಂದಳು.

ಹಾಗೆಯೇ ತಿದ್ದಿ ಬರೆದೆನು.